ದಾರಿಯಿಲ್ಲದೆಡೆಗೆ ದಾರಿ ತೋರುವ ಯಂತ್ರ

ಮಳೆಗಾಲವು ಮುಗಿದು, ಹಳ್ಳಕೊಳ್ಳಗಳ ನೀರಿಳಿದು, ಮಲೆನಾಡಿನ ಕಚ್ಚಾ ದಾರಿಗಳು ಗಟ್ಟಿಯಾಗುತ್ತಲೇ ನಮ್ಮ ಪಟ್ಟಣವಾಸಿಗಳಲ್ಲಿ ಅನುಕೂಲಸ್ಥರಾದವರು ಜೀಪುಗಳನ್ನೇರಿ ಹೆದ್ದಾರಿಯನ್ನು ಬಿಟ್ಟು ಹೊರಡುವುದು ಈಗ ವಾಡಿಕೆಯಾಗಿದೆ. ಸಹ್ಯಾದ್ರಿಯ ಬೆಟ್ಟದ ಜಾಡುಗಳು ಸಾಲವೆಂದು ಕಚ್ಛದ ರಣಕ್ಕೂ, ಥಾರ್ ಮರುಭೂಮಿಗೂ, ಲಡಾಖದ ಎತ್ತರದ ಬಯಲುಗಳಿಗೂ ಹೋಗಿಬರುವವರುಂಟು. ವಿನೋದಕ್ಕಾಗಿ ಹೋಗುವವರ ಮಾತು ಹಾಗಿರಲಿ; ಲಸಿಕೆಯ ಪೆಟ್ಟಿಗೆಯನ್ನೋ ಮತಯಂತ್ರವನ್ನೋ ಹೊತ್ತು, ಡಾಮರನ್ನು ಕಾಣದ ಹಳ್ಳಿಗಳಿಗೆ ಕರ್ತವ್ಯನಿಮಿತ್ತವಾಗಿ ಹೋಗಬೇಕಾದ ಅಧಿಕಾರಿಗಳು ಎಲ್ಲ ಜಿಲ್ಲೆಗಳಲ್ಲಿಯೂ ಇದ್ದಾರೆ. ಇವರೆಲ್ಲರಿಗೂ ಬರುವ ಪ್ರಶ್ನೆ ಒಂದೇ: ದಾರಿ ತೋರುವ ಜಿ.ಪಿ.ಎಸ್. ಯಂತ್ರಗಳಲ್ಲಿ ಯಾವುದನ್ನು ಕೊಳ್ಳಬೇಕು? ಅಂಗಡಿಯವನು ಬೆಲೆಯನ್ನು ಹೇಳುತ್ತಾನೆ, ಜಾಹೀರಾತು ಗುಣವನ್ನು ಹೊಗಳುತ್ತದೆ. ವಿವೇಚನೆಯ ಮಾತನ್ನು ಹೇಳುವವರು ವಿರಳ. ಇಷ್ಟು ಸಣ್ಣ ವಿಷಯಕ್ಕೆ ಈ ಪುಟದಲ್ಲಿ ಸ್ಥಳವೇಕೆಂದು ಕೆಲವರು ಕೇಳಬಹುದು. ಆಯ್ಕೆಯಲ್ಲಿ ತಪ್ಪಿದರೆ ತೆರಬೇಕಾದ ಬೆಲೆಯು ಪ್ರಾಣವೇ ಆಗಬಹುದಾದುದರಿಂದ ವಿಷಯವು ಸಣ್ಣದಲ್ಲವೆಂದು ನಾವು ಭಾವಿಸುತ್ತೇವೆ.

2024ನೆಯ ಇಸವಿಯ ನವೆಂಬರಿನಲ್ಲಿ ಉತ್ತರ ಪ್ರದೇಶದ ಬರೇಲಿಯ ಸಮೀಪದಲ್ಲಿ ನಡೆದ ದುರಂತವನ್ನು ವಾಚಕರು ಮರೆತಿರಲಾರರು. ರಾಮಗಂಗಾ ನದಿಯ ಸೇತುವೆಯೊಂದರ ಭಾಗವು ಹಿಂದಿನ ಪ್ರವಾಹದಲ್ಲಿ ಕೊಚ್ಚಿಹೋಗಿತ್ತು. ನಕ್ಷೆಯಲ್ಲಿ ಮಾತ್ರ ಸೇತುವೆಯು ಅಖಂಡವಾಗಿ ನಿಂತಿತ್ತು. ಯಂತ್ರವು ತೋರಿದ ದಾರಿಯನ್ನು ನಂಬಿ ಬಂದ ಕಾರು ಮುರಿದ ಅಂಚಿನಿಂದ ಕೆಳಗೆ ಬಿದ್ದು ಮೂವರು ಮೃತರಾದರು. ಇರುಳು ಕಂಡ ಬಾವಿಗೆ ಹಗಲು ಬಿದ್ದರೆಂಬ ಗಾದೆಯನ್ನು ಇಲ್ಲಿ ಹೇಳುವಂತಿಲ್ಲ. ಅವರಿಗೆ ಬಾವಿಯನ್ನು ಯಾರೂ ತೋರಿಸಿಯೇ ಇರಲಿಲ್ಲ. ಆ ಅನಾಹುತದಲ್ಲಿ ಉಪಗ್ರಹಗಳ ದೋಷವು ಲವಲೇಶವೂ ಇರಲಿಲ್ಲವೆಂಬುದನ್ನು ಗಮನಿಸಬೇಕು. ಕಾರು ಎಲ್ಲಿದೆಯೆಂಬುದನ್ನು ಅವು ಸರಿಯಾಗಿಯೇ ತಿಳಿಸುತ್ತಿದ್ದಿರಬೇಕು. ಮುಂದೆ ಏನಿದೆಯೆಂಬುದನ್ನು ಹೇಳಬೇಕಾದ ನಕ್ಷೆಯು ಹಳತಾಗಿತ್ತು. ಸರಕಾರವು ಹಾಕಿದ ರಸ್ತೆಯ ಮೇಲೆಯೇ ಹೀಗಾದರೆ, ರಸ್ತೆಯೇ ಇಲ್ಲದೆಡೆಯಲ್ಲಿ ಎಷ್ಟು ಎಚ್ಚರ ಬೇಕೆಂಬುದನ್ನು ಊಹಿಸಬಹುದು.

ಆದುದರಿಂದ ಮೊದಲು ಈ ಯಂತ್ರವು ಏನು ಮಾಡುತ್ತದೆ, ಏನು ಮಾಡುವುದಿಲ್ಲವೆಂಬುದನ್ನು ತಿಳಿಯುವುದು ಅವಶ್ಯ. ಜಿ.ಪಿ.ಎಸ್. ಯಂತ್ರವು ಕೇವಲ ಕೇಳುವ ಯಂತ್ರ. ಸುಮಾರು 20,200 ಕಿಲೋಮೀಟರು ಎತ್ತರದಲ್ಲಿ ಸುತ್ತುವ ಉಪಗ್ರಹಗಳು ತಮ್ಮ ಸ್ಥಾನವನ್ನೂ ಪರಮಾಣು ಗಡಿಯಾರದ ವೇಳೆಯನ್ನೂ ಸದಾ ಸಾರುತ್ತಿರುತ್ತವೆ. ಸಂಕೇತವು ತಲುಪಲು ಹಿಡಿದ ಕಾಲದಿಂದ ದೂರವನ್ನು ಲೆಕ್ಕಹಾಕಿ, ಕನಿಷ್ಠ ನಾಲ್ಕು ಉಪಗ್ರಹಗಳ ಮಾತನ್ನು ಕೇಳಿ, ಯಂತ್ರವು ತಾನಿರುವ ಅಕ್ಷಾಂಶ, ರೇಖಾಂಶ, ಎತ್ತರಗಳನ್ನು ಗೊತ್ತುಮಾಡುತ್ತದೆ. ಮೂರು ದೂರಗಳು ಸ್ಥಾನಕ್ಕಾಗಿ. ನಾಲ್ಕನೆಯದು ಯಂತ್ರದೊಳಗಿನ ಸಾಮಾನ್ಯ ಗಡಿಯಾರದ ತಪ್ಪನ್ನು ತಿದ್ದುವುದಕ್ಕಾಗಿ. ಈ ಕೆಲಸಕ್ಕೆ ಮೊಬೈಲ್ ಟವರು ಬೇಕಿಲ್ಲ, ಇಂಟರ್ನೆಟ್ಟು ಬೇಕಿಲ್ಲ, ಚಂದಾ ಹಣವೂ ಬೇಕಿಲ್ಲ. ತೆರೆದ ಆಕಾಶವೊಂದಿದ್ದರೆ ಸಾಕು. ಬಯಲಿನಲ್ಲಿ ನಮ್ಮ ಜೇಬಿನ ಮೊಬೈಲು ಕೂಡ ಸುಮಾರು ಐದು ಮೀಟರುಗಳೊಳಗೆ ಸ್ಥಾನವನ್ನು ಹೇಳಬಲ್ಲದು. ಹೀಗಿದ್ದರೂ ‘ಅಲ್ಲಿ ಸಿಗ್ನಲ್ ಇಲ್ಲದುದರಿಂದ ಜಿ.ಪಿ.ಎಸ್. ನಿಂತುಹೋಯಿತು’ ಎಂದು ಹೇಳುವವರನ್ನು ನಾವು ದಿನವೂ ಕೇಳುತ್ತೇವೆ. ಅವರ ಪರದೆಯಿಂದ ಮಾಯವಾದುದು ನಕ್ಷೆ. ಪಟ್ಟಣದಲ್ಲಿ ಅದು ಗಳಿಗೆಗೊಮ್ಮೆ ಇಂಟರ್ನೆಟ್ಟಿನಿಂದ ಇಳಿದುಬರುತ್ತಿತ್ತು. ಟವರಿನ ಗಡಿ ದಾಟಿದೊಡನೆ ಅದು ಕನ್ನಡಿಯೊಳಗಿನ ಗಂಟಾಯಿತು. ಖಾಲಿ ಹಾಳೆಯ ಮೇಲೆ ನೀಲಿ ಚುಕ್ಕೆಯೊಂದು ಮಿನುಗುತ್ತದೆ. ಅದು ನಿಜವನ್ನೇ ಹೇಳುತ್ತಿದ್ದರೂ ದಾರಿಗನಿಗೆ ಅದರಿಂದ ಯಾವ ಪ್ರಯೋಜನವೂ ಇಲ್ಲ.

ಇದರಿಂದ ಆಯ್ಕೆಯ ಮೊದಲನೆಯ ಸೂತ್ರವು ಹೊರಡುತ್ತದೆ: ನಕ್ಷೆಯನ್ನು ಮೊದಲು ಆರಿಸತಕ್ಕದ್ದು, ಯಂತ್ರವನ್ನು ಆಮೇಲೆ. ಯಾವ ಯಂತ್ರವು ತನ್ನ ಹೊಟ್ಟೆಯೊಳಗೇ ನಕ್ಷೆಯನ್ನು ಇಟ್ಟುಕೊಳ್ಳಬಲ್ಲದೋ, ಯಾವುದು ಕಾರಖಾನೆಯ ನಕ್ಷೆಯ ಜೊತೆಗೆ ನಾವು ಬೇರೆಡೆಯಿಂದ ತಂದ ನಕ್ಷೆಯನ್ನೂ ಒಪ್ಪಿಕೊಳ್ಳುವುದೋ ಅದನ್ನು ಮಾತ್ರ ಕೊಳ್ಳಬೇಕು. ಪರದೇಶದ ಕೆಲವು ಯಂತ್ರಗಳಲ್ಲಿ ಭಾರತದ ಹೆದ್ದಾರಿಗಳು ಅಚ್ಚುಕಟ್ಟಾಗಿ ಮೂಡಿದ್ದು, ಹೆದ್ದಾರಿಯಿಂದ ಐದು ಮೈಲಿ ಒಳಗೆ ಹೋದರೆ ಬರಿಯ ಹಸಿರು ಬಣ್ಣವು ಮಾತ್ರ ಕಾಣುವುದುಂಟು. ಅದಕ್ಕಿಂತ, ಸಾರ್ವಜನಿಕರೇ ಕೂಡಿ ರಚಿಸುತ್ತಿರುವ ಓಪನ್ ಸ್ಟ್ರೀಟ್ ಮ್ಯಾಪ್ ಎಂಬ ನಕ್ಷೆಯಲ್ಲಿ ಬಂಡಿಜಾಡು, ಕಾಲುದಾರಿ, ಕೆರೆಯ ಏರಿಗಳು ಅನೇಕ ಕಡೆಗಳಲ್ಲಿ ಹೆಚ್ಚು ವಿವರವಾಗಿ ದೊರೆಯುತ್ತವೆ. ಆಸ್‌ಮ್ಯಾಂಡ್, ಆರ್ಗ್ಯಾನಿಕ್ ಮ್ಯಾಪ್ಸ್ ಮೊದಲಾದವುಗಳ ಮೂಲಕ ಅದನ್ನು ಮೊಬೈಲಿಗೆ ಮುಂಚಿತವಾಗಿಯೇ ಇಳಿಸಿಕೊಳ್ಳಬಹುದು. ಆದರೆ ಸ್ವಯಂಸೇವಕರು ಹೋಗದ ಊರು ಅದರಲ್ಲಿಯೂ ಬರಿದಾಗಿರುತ್ತದೆಂಬುದನ್ನು ಮರೆಯಕೂಡದು. ನಕ್ಷೆಯಲ್ಲಿ ಸಮೋನ್ನತಿ ರೇಖೆಗಳಿರಬೇಕಾದುದು ಎರಡನೆಯ ಅವಶ್ಯಕತೆ. ಬೆಟ್ಟದ ನಾಡಿನಲ್ಲಿ ಎರಡು ಮೈಲಿಯ ದಾರಿಯೆಂದರೆ ಏನೂ ತಿಳಿದಂತಾಗಲಿಲ್ಲ. ಆ ಎರಡು ಮೈಲಿಯಲ್ಲಿ ಎಷ್ಟು ಏರಬೇಕು, ಎಷ್ಟು ಇಳಿಯಬೇಕು, ಹಳ್ಳವನ್ನು ಎಲ್ಲಿ ಹಾಯಬೇಕೆಂಬುದು ತಿಳಿದರೆ ಮಾತ್ರ ದಾರಿ ತಿಳಿಯಿತು.

ಈ ಸಂದರ್ಭದಲ್ಲಿ ನಮ್ಮ ಸರ್ವೆ ಆಫ್ ಇಂಡಿಯಾ ಇಲಾಖೆಯನ್ನು ನೆನೆಯದಿರುವುದು ನ್ಯಾಯವಲ್ಲ. 1767ರಲ್ಲಿ ಸ್ಥಾಪಿತವಾದ ಈ ಸಂಸ್ಥೆಯ 1:50,000 ಪ್ರಮಾಣದ ಹಾಳೆಗಳು, ಅಂದರೆ ಒಂದು ಸೆಂಟಿಮೀಟರಿಗೆ ಅರ್ಧ ಕಿಲೋಮೀಟರಿನಂತೆ ಬರೆದವು, ಬೆಟ್ಟಗುಡ್ಡಗಳ ರೂಪವನ್ನು ತೋರಿಸುವುದರಲ್ಲಿ ಇಂದಿಗೂ ಆದರಣೀಯವಾಗಿವೆ. ಆದರೆ ಹಳೆಯ ಹಾಳೆಗಳನ್ನು ಯಂತ್ರದೊಡನೆ ಬಳಸುವವರು ಒಂದು ತೊಡಕನ್ನು ತಿಳಿದಿರಬೇಕು. ಅವು ಭೂಮಿಯ ಆಕಾರದ ವಿಷಯದಲ್ಲಿ ಎವರೆಸ್ಟ್ ಎಂಬ ಹಳೆಯ ಮಾನವನ್ನನುಸರಿಸಿ ರಚಿತವಾದವು, ಉಪಗ್ರಹಯಂತ್ರಗಳು ಡಬ್ಲ್ಯು.ಜಿ.ಎಸ್. 84 ಎಂಬ ಬೇರೊಂದು ಮಾನವನ್ನನುಸರಿಸುತ್ತವೆ. ಒಂದರ ಅಕ್ಷಾಂಶ ರೇಖಾಂಶಗಳನ್ನು ಇನ್ನೊಂದರಲ್ಲಿ ಹಾಗೆಯೇ ಗುರುತಿಸಿದರೆ ನಮ್ಮ ಸೀಮೆಯಲ್ಲಿ ನೂರು ಮೀಟರಿಗೂ ಮಿಕ್ಕ ವ್ಯತ್ಯಾಸವು ಬೀಳುತ್ತದೆ. ಬಯಲುಸೀಮೆಯಲ್ಲಿ ಇದು ಹೊಲವೊಂದರ ಅಂತರವೆಂದು ನಕ್ಕುಬಿಡಬಹುದು. ಘಟ್ಟದ ಅಂಚಿನಲ್ಲಿ ಅದೇ ಅಂತರವು ದಾರಿಗೂ ಪ್ರಪಾತಕ್ಕೂ ನಡುವಿನ ಅಂತರವಾಗುತ್ತದೆ. ಎರಡು ಮಾನಗಳನ್ನೂ ತಿಳಿದು ಹೊಂದಿಸಿಕೊಡುವ ಸೌಕರ್ಯವು ಯಂತ್ರದಲ್ಲಿದೆಯೇ ಎಂದು ಕೊಳ್ಳುವವರು ಕೇಳಿಯೇ ಕೊಳ್ಳಬೇಕು.

ಇನ್ನು ಯಂತ್ರಗಳ ವಿಷಯ. ಇವು ಮೂರು ಬಗೆಯವು. ಮೊದಲನೆಯದು ಎಲ್ಲರ ಬಳಿಯೂ ಇರುವ ಮೊಬೈಲು. ನಕ್ಷೆಯನ್ನು ಮುಂಚಿತವಾಗಿ ಇಳಿಸಿಕೊಂಡಿದ್ದರೆ ಇದು ಬಡವನ ಪಾಲಿಗೆ ಸಾಕಾದಷ್ಟು ಒಳ್ಳೆಯ ಯಂತ್ರವೆಂಬುದನ್ನು ಒಪ್ಪತಕ್ಕದ್ದೇ. ಇದರ ದೋಷಗಳು ಕಷ್ಟಕಾಲದಲ್ಲಿ ಕಾಣಿಸಿಕೊಳ್ಳುತ್ತವೆ. ಗಾಜಿನ ಹಿಂದೆ ಬಿಸಿಲಿಗೆ ಕಾದು ತಾನಾಗಿ ಆರಿಹೋಗುವುದು, ಲಡಾಖದ ಚಳಿಯಲ್ಲಿ ಬ್ಯಾಟರಿಯು ಬೇಗನೆ ಬರಿದಾಗುವುದು, ಬಿಸಿಲಿನ ಪ್ರಖರತೆಯಲ್ಲಿ ಪರದೆಯು ಕಾಣದಿರುವುದು, ಒದ್ದೆ ಕೈಗೂ ಕೈಚೀಲ ತೊಟ್ಟ ಬೆರಳಿಗೂ ಮಣಿಯದಿರುವುದು, ಇವು ಅದರ ಸಾಮಾನ್ಯ ರೋಗಗಳು. ಎಲ್ಲಕ್ಕಿಂತ ಮಿಗಿಲಾಗಿ, ಸಹಾಯಕ್ಕಾಗಿ ಕರೆ ಮಾಡಬೇಕಾದ ವಸ್ತುವೂ ದಾರಿಯನ್ನು ತೋರಬೇಕಾದ ವಸ್ತುವೂ ಒಂದೇ ಆದಲ್ಲಿ, ಅದು ಒಡೆದ ದಿನ ಎರಡೂ ಒಮ್ಮೆಲೇ ಹೋಗುತ್ತವೆ.

ಎರಡನೆಯದು ಕೈಯಲ್ಲಿ ಹಿಡಿಯುವ, ಗುಂಡಿಗಳುಳ್ಳ, ಗಟ್ಟಿಮುಟ್ಟಾದ ಯಂತ್ರ. ಗಾರ್ಮಿನ್ ಕಂಪೆನಿಯ ಈಟ್ರೆಕ್ಸ್, ಜಿ.ಪಿ.ಎಸ್. ಮ್ಯಾಪ್ ಎಂಬವು ಈ ವರ್ಗದಲ್ಲಿ ಪ್ರಸಿದ್ಧವಾದುವು. ಪರದೆಯು ಚಿಕ್ಕದು, ನಡೆಯು ನಿಧಾನ, ನೋಟಕ್ಕೆ ಸೊಗಸಿಲ್ಲ. ಆದರೆ ಬಿಸಿಲು ಹೆಚ್ಚಿದಷ್ಟೂ ಪರದೆಯು ಸ್ಪಷ್ಟವಾಗುವುದು. ಮಳೆ ಧೂಳುಗಳಿಗೆ ಇದು ಅಂಜುವುದಿಲ್ಲ. ಇವುಗಳಲ್ಲಿ ಕೆಲವು ಯಾವ ಸಂತೆಯಲ್ಲಿಯೂ ಸಿಗುವ ಎರಡು ಪೆನ್ಸಿಲ್ ಸೆಲ್ಲುಗಳಿಂದಲೇ ನಡೆಯುತ್ತವೆ. ಜೀಪು ಕೆಸರಿನಲ್ಲಿ ಹೂತು, ಕಾಲ್ನಡಿಗೆಯಿಂದ ಊರನ್ನು ಸೇರಬೇಕಾದಾಗ ಜೊತೆಗೆ ಬರುವುದು ಇದೇ.

ಮೂರನೆಯದು ವಾಹನದ ಮುಂಭಾಗದಲ್ಲಿ ಬಿಗಿದಿಡುವ ದೊಡ್ಡ ಪರದೆಯ ಯಂತ್ರ. ಓಡಿಸುತ್ತ ಓರೆಗಣ್ಣಿನಿಂದ ನೋಡುವುದಕ್ಕೆ ಇದರಷ್ಟು ಅನುಕೂಲವಾದುದು ಬೇರೊಂದಿಲ್ಲ. ವಾಹನದ 12 ವೋಲ್ಟಿನ ವಿದ್ಯುತ್ತಿನಿಂದ ಬಹುಕಾಲ ನಡೆಯುತ್ತದೆ. ಬೆಲೆಯು ಹೆಚ್ಚು, ವಾಹನದ ಬ್ಯಾಟರಿಯು ಸತ್ತರೆ ಅದೂ ಬಹಳ ಹೊತ್ತು ಬದುಕುವುದಿಲ್ಲ. ಇವುಗಳಲ್ಲಿ ಪಟ್ಟಣದ ಬೀದಿಗಳಿಗಾಗಿಯೇ ಮಾಡಿದವು ಮತ್ತೊಂದು ಉಪದ್ರವವನ್ನು ಕೊಡುತ್ತವೆ: ನಾವು ರಸ್ತೆಯನ್ನು ಬಿಟ್ಟೊಡನೆ ‘ಹಿಂದಿರುಗಿ, ಹಿಂದಿರುಗಿ’ ಎಂದು ಪೀಡಿಸುವುದಲ್ಲದೆ ಬೇರಾವ ಉಪದೇಶವೂ ಅವುಗಳಿಗೆ ಗೊತ್ತಿಲ್ಲ. ರಸ್ತೆಯಿಲ್ಲದೆಡೆಯಲ್ಲಿ ಬೇಕಾದ ಗುಣವು ಬೇರೆ. ಬಂದ ದಾರಿಯನ್ನು ಹೆಜ್ಜೆಹೆಜ್ಜೆಗೂ ಬರೆದಿಟ್ಟುಕೊಂಡು, ಕತ್ತಲಾದಾಗಲೋ ಮಂಜು ಕವಿದಾಗಲೋ ಅದೇ ಜಾಡಿನಲ್ಲಿ ಹಿಂದಕ್ಕೆ ಕರೆತರುವ ಯಂತ್ರವು ಬೇಕು. ಹಿಂದೆ ಹೋಗಿಬಂದವರ ಜಾಡನ್ನು ಜಿ.ಪಿ.ಎಕ್ಸ್. ಎಂಬ ಸಾಮಾನ್ಯ ರೂಪದಲ್ಲಿ ಸ್ವೀಕರಿಸುವುದೂ ನಮ್ಮದನ್ನು ಪರರಿಗೆ ಕೊಡುವುದೂ ಅದಕ್ಕೆ ಸಾಧ್ಯವಾಗಬೇಕು. ನಮ್ಮ ಅಭಿಪ್ರಾಯದಲ್ಲಿ ದುಬಾರಿಯಾದ ಒಂದೇ ಯಂತ್ರಕ್ಕೆ ಹಣವನ್ನೆಲ್ಲ ಸುರಿಯುವುದಕ್ಕಿಂತ, ನಕ್ಷೆಯನ್ನು ತುಂಬಿದ ಸಾಧಾರಣ ಮೊಬೈಲೊಂದನ್ನು ವಾಹನದ ಮುಂದೆ ಬಿಗಿದು, ಅದೇ ನಕ್ಷೆಯುಳ್ಳ ಕೈಯಂತ್ರವೊಂದನ್ನು ಜೇಬಿನಲ್ಲಿ ಇಟ್ಟುಕೊಳ್ಳುವುದು ಲೇಸು. ಒಂದು ಕೆಟ್ಟರೆ ಇನ್ನೊಂದು ಇರುತ್ತದೆ. ಎರಡೂ ಒಂದೇ ದಿನ ಒಂದೇ ಕಾರಣದಿಂದ ಕೆಡುವ ಸಂಭವವು ಕಡಿಮೆ.

ಯಂತ್ರವು ಯಾರ ಉಪಗ್ರಹಗಳ ಮಾತನ್ನು ಕೇಳುತ್ತದೆಂಬುದು ಕೊಳ್ಳುವವರು ವಿಚಾರಿಸಬೇಕಾದ ಇನ್ನೊಂದು ವಿಷಯ. ಇಲ್ಲಿ ದೇಶದ ಹಿತವೂ ಬೆರೆತಿದೆ. ಜಿ.ಪಿ.ಎಸ್. ಅಮೆರಿಕದ ರಕ್ಷಣಾ ಇಲಾಖೆಯ ಸ್ವತ್ತು. 1978ರಲ್ಲಿ ಅದರ ಮೊದಲ ಉಪಗ್ರಹವು ಹಾರಿತು. 1995ರಲ್ಲಿ ವ್ಯವಸ್ಥೆಯು ಪೂರ್ಣವಾಯಿತು. ಸಾರ್ವಜನಿಕರಿಗೆ ಕೊಡುತ್ತಿದ್ದ ಸಂಕೇತದಲ್ಲಿ ಬುದ್ಧಿಪೂರ್ವಕವಾಗಿ ಸುಮಾರು ನೂರು ಮೀಟರುಗಳ ತಪ್ಪನ್ನು ಬೆರೆಸುವ ಪದ್ಧತಿಯನ್ನು ಆ ಸರಕಾರವು 2000ನೆಯ ಇಸವಿಯ ಮೇ ತಿಂಗಳಿನಲ್ಲಿ ಮಾತ್ರ ನಿಲ್ಲಿಸಿತು. 1999ರ ಕಾರ್ಗಿಲ್ ಯುದ್ಧಕಾಲದಲ್ಲಿ ಅಮೆರಿಕವು ನಮಗೆ ಈ ನೆರವನ್ನು ನಿರಾಕರಿಸಿತೆಂಬ ಮಾತು ನಮ್ಮಲ್ಲಿ ಪದೇ ಪದೇ ಕೇಳಿಬರುತ್ತದೆ. ಆ ಮಾತು ಹೇಗಾದರೂ ಇರಲಿ, ಆಗ ಬೆರಕೆಯ ತಪ್ಪಿನ ಪದ್ಧತಿಯು ಜಾರಿಯಲ್ಲಿದ್ದುದಂತೂ ಸತ್ಯ. ಪರರ ದೀಪದ ಬೆಳಕಿನಲ್ಲಿ ನಡೆಯುವವನು ದೀಪವುಳ್ಳವನ ಮರ್ಜಿಯನ್ನು ಕಾಯಬೇಕಾಗುತ್ತದೆ.

ಈ ಪರಾಧೀನತೆಯನ್ನು ನೀಗುವುದಕ್ಕಾಗಿಯೇ ನಮ್ಮ ಇಸ್ರೋ ಸಂಸ್ಥೆಯು ಸ್ವಂತ ಉಪಗ್ರಹಗಳನ್ನು ಹಾರಿಸಲು ತೊಡಗಿತು. 2013ರ ಜುಲೈ 1ರಂದು ಮೊದಲನೆಯದೂ 2016ರ ಏಪ್ರಿಲ್ 28ರಂದು ಏಳನೆಯದೂ ಮೇಲೇರಿದವು. ಆ ದಿನವೇ ಈ ವ್ಯವಸ್ಥೆಗೆ ನಾವಿಕ್ ಎಂದು ನಾಮಕರಣವಾಯಿತು. ಇದರ ಕಾರ್ಯಕೇಂದ್ರವು ಬೆಂಗಳೂರಿನ ಬಳಿಯ ಬ್ಯಾಲಾಳಿನಲ್ಲಿರುವುದು ಕನ್ನಡಿಗರಿಗೆ ಅಭಿಮಾನದ ಸಂಗತಿ. ಸುಮಾರು 36,000 ಕಿಲೋಮೀಟರು ಎತ್ತರದಲ್ಲಿರುವ ಈ ಉಪಗ್ರಹಗಳು ಭೂಮಿಯನ್ನೆಲ್ಲ ಸುತ್ತಿ ಬರುವುದಿಲ್ಲ. ಭಾರತವನ್ನೂ ಅದರ ಸುತ್ತಲಿನ 1,500 ಕಿಲೋಮೀಟರುಗಳ ಪ್ರದೇಶವನ್ನೂ ನೋಡುತ್ತ ಸದಾ ನಮ್ಮ ಭಾಗದ ಆಕಾಶದಲ್ಲಿಯೇ ಇರುತ್ತವೆ. ಇಷ್ಟನ್ನು ಹೇಳಿ ಜಯಕಾರ ಮಾಡಿ ಸುಮ್ಮನಾದರೆ ಅದು ಅರ್ಧಸತ್ಯವಾಗುತ್ತದೆ. ಮೊದಲ ಉಪಗ್ರಹದ ಪರದೇಶೀ ಪರಮಾಣು ಗಡಿಯಾರಗಳು ಕೆಟ್ಟವು. ಅದರ ಬದಲಿಗೆ 2017ರ ಆಗಸ್ಟಿನಲ್ಲಿ ಕಳುಹಿಸಿದುದು ಕವಚವು ಕಳಚದೆ ವ್ಯರ್ಥವಾಯಿತು. 2023ರ ಮೇ ತಿಂಗಳಿನಲ್ಲಿ ಸ್ವದೇಶೀ ಪರಮಾಣು ಗಡಿಯಾರವನ್ನು ಹೊತ್ತ ಎನ್.ವಿ.ಎಸ್. 01 ಯಶಸ್ವಿಯಾಗಿ ಮೇಲೇರಿತು. 2025ರ ಜನವರಿಯಲ್ಲಿ ಹಾರಿದ ಎನ್.ವಿ.ಎಸ್. 02 ತನ್ನ ನಿಯತ ಕಕ್ಷೆಯನ್ನು ಸೇರಲಿಲ್ಲ. ಆದುದರಿಂದ ನಾವಿಕ್ ಇನ್ನೂ ತನ್ನ ಪೂರ್ಣ ಬಲದಲ್ಲಿಲ್ಲವೆಂಬುದನ್ನು ದೇಶಾಭಿಮಾನಿಗಳಾದ ನಾವು ಸಂಕೋಚವಿಲ್ಲದೆ ಒಪ್ಪಿಕೊಳ್ಳಬೇಕು. ನ್ಯೂನತೆಯನ್ನು ಮುಚ್ಚಿಡುವುದು ಅಭಿಮಾನವಲ್ಲ. ಅದನ್ನು ತೀವ್ರವಾಗಿ ತುಂಬಿರೆಂದು ಸರಕಾರವನ್ನು ಒತ್ತಾಯಿಸುವುದೇ ಅಭಿಮಾನ.

ಕೊಳ್ಳುವವನಿಗೆ ಇದರಿಂದ ತಿಳಿಯಬೇಕಾದುದೇನು? ಒಂದೇ ದೇಶದ ಉಪಗ್ರಹಗಳನ್ನು ಕೇಳುವ ಯಂತ್ರವನ್ನು ಕೊಳ್ಳಕೂಡದು. ಅಮೆರಿಕದ ಜಿ.ಪಿ.ಎಸ್., ರಷ್ಯದ ಗ್ಲೋನಾಸ್, ಯೂರೋಪಿನ ಗೆಲಿಲಿಯೋ, ಚೀನದ ಬೈದೂ, ನಮ್ಮ ನಾವಿಕ್, ಇವುಗಳಲ್ಲಿ ಆದಷ್ಟನ್ನು ಒಮ್ಮೆಲೇ ಕೇಳಬಲ್ಲದನ್ನೇ ಆರಿಸಬೇಕು. ಮಲೆನಾಡಿನ ಕಣಿವೆಯಲ್ಲಿ ಅರ್ಧ ಆಕಾಶವನ್ನು ಬೆಟ್ಟವೂ ಉಳಿದರ್ಧವನ್ನು ಮರಗಳ ಕೊಂಬೆಗಳೂ ಮುಚ್ಚಿರುವಾಗ, ಕಾಣುವ ಉಪಗ್ರಹಗಳ ಸಂಖ್ಯೆಯು ಹೆಚ್ಚಿದಷ್ಟೂ ಸ್ಥಾನವು ನಿಖರವಾಗುತ್ತದೆ. ಎರಡು ತರಂಗಾಂತರಗಳನ್ನು ಕೇಳುವ ಯಂತ್ರಗಳು ಬಂಡೆಗಳಿಗೆ ತಾಗಿ ಮರಳುವ ಹುಸಿ ಸಂಕೇತಗಳಿಂದ ಕಡಿಮೆ ಮೋಸಹೋಗುತ್ತವೆ. ಘಟ್ಟದಲ್ಲಿ ತಿರುಗುವವರು ಈ ಗುಣಕ್ಕಾಗಿ ನಾಲ್ಕು ಕಾಸು ಹೆಚ್ಚು ಕೊಟ್ಟರೂ ನಷ್ಟವಿಲ್ಲ. 2023ರಿಂದೀಚೆಗೆ ಐಫೋನಿನ ಕೆಲವು ಮಾದರಿಗಳಲ್ಲಿ ಕೂಡ ನಾವಿಕ್ ಸೇರಿದೆ. ಅಂಗಡಿಯಲ್ಲಿ ‘ನಾವಿಕ್ ಇದೆಯೇ?’ ಎಂದು ಹತ್ತು ಮಂದಿ ಗಿರಾಕಿಗಳು ಕೇಳಿದರೆ ಹನ್ನೊಂದನೆಯವನಿಗೆ ಅದು ದೊರೆಯುತ್ತದೆ.

ಕಾನೂನಿನ ವಿಷಯದಲ್ಲಿ ಎರಡು ಮಾತುಗಳನ್ನು ಸ್ಪಷ್ಟವಾಗಿ ಹೇಳಬೇಕಾಗಿದೆ. ಪರದೇಶದ ಪ್ರವಾಸಗ್ರಂಥಗಳನ್ನು ಓದಿದವರು, ಉಪಗ್ರಹದ ಮೂಲಕ ಸಂದೇಶವನ್ನು ಕಳುಹಿಸಬಲ್ಲ ಯಂತ್ರವೇ ಶ್ರೇಷ್ಠವೆಂದು ತಿಳಿದು, ಅದನ್ನು ಹೊರಗಿನಿಂದ ತರಿಸಲು ಹವಣಿಸುತ್ತಾರೆ. ಉಪಗ್ರಹಗಳ ಮಾತನ್ನು ಕೇಳುವುದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ಅವುಗಳ ಮೂಲಕ ಮಾತನಾಡುವುದಕ್ಕೆ ನಮ್ಮ ದೇಶದಲ್ಲಿ ದೂರಸಂಪರ್ಕ ಇಲಾಖೆಯ ಅನುಮತಿಯು ಬೇಕು. ಅನುಮತಿಯಿಲ್ಲದೆ ಇಂಥ ಯಂತ್ರವನ್ನು ಹೊಂದಿದ್ದ ವಿದೇಶೀಯರನ್ನು 2024ರ ಡಿಸೆಂಬರಿನಲ್ಲಿ ಗೋವೆಯ ವಿಮಾನ ನಿಲ್ದಾಣದಲ್ಲಿ ತಡೆಹಿಡಿದುದುಂಟು. ಭಯೋತ್ಪಾದಕರ ಕೈಗೆ ಇವು ಸಿಕ್ಕಬಾರದೆಂಬ ಸರಕಾರದ ಕಾಳಜಿಯು ಸಾಧುವಾದುದೇ. ಆದರೆ ಪ್ರಾಣಾಪಾಯದಲ್ಲಿ ಕೂಗಿ ಕರೆಯುವ ಸಾಧನವನ್ನು ಸಾಮಾನ್ಯ ಪ್ರಜೆಯು ಹೆಸರು ನೋಂದಾಯಿಸಿ ಸುಲಭವಾಗಿ ಪಡೆಯುವಂತಾದರೆ ಭದ್ರತೆಗೆ ಕುಂದೇನೂ ಬಾರದೆಂದು ನಾವು ಸೂಚಿಸುತ್ತೇವೆ. ಅಲ್ಲಿಯವರೆಗೆ ಕಾನೂನನ್ನು ಪಾಲಿಸುವುದೂ, ಹೊರಡುವ ಮೊದಲು ಹೋಗುವ ದಾರಿ ಮತ್ತು ಮರಳುವ ವೇಳೆಗಳನ್ನು ಮನೆಯಲ್ಲಿ ಬರೆದಿಟ್ಟು ಹೋಗುವುದೂ ವಿವೇಕ.

ಎರಡನೆಯ ಮಾತು ಅರಣ್ಯಗಳ ವಿಷಯದ್ದು. ನಕ್ಷೆಯಲ್ಲಿ ಗೆರೆಯೊಂದು ಇದ್ದ ಮಾತ್ರಕ್ಕೆ ಅಲ್ಲಿ ಹೋಗುವ ಹಕ್ಕು ಇದೆಯೆಂದಾಗುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಶಾಸನದಂತೆ ಅಭಯಾರಣ್ಯಗಳನ್ನು ಅನುಮತಿಯಿಲ್ಲದೆ ಪ್ರವೇಶಿಸುವುದು ಅಪರಾಧ. ಕಾಫಿ ತೋಟದ ಉಣುಗೋಲನ್ನು ನಕ್ಷೆಯು ತೋರಿಸುವುದಿಲ್ಲ. ಅದನ್ನು ಸರಿಸಿ ನುಗ್ಗುವ ಅಧಿಕಾರವನ್ನು ಯಾವ ಯಂತ್ರವೂ ಕೊಡುವುದಿಲ್ಲ. ಸೋಗೆಯ ಮನೆಯವನು ತಲೆತಲಾಂತರದಿಂದ ಕಾಪಾಡಿಕೊಂಡು ಬಂದ ಹುಲ್ಲುಗಾವಲನ್ನು ಒಂದು ಭಾನುವಾರದ ವಿನೋದಕ್ಕಾಗಿ ಚಕ್ರಗಳಿಂದ ಉತ್ತುಹಾಕುವವನು, ಎಷ್ಟೇ ಬೆಲೆಯ ಯಂತ್ರವನ್ನಿಟ್ಟುಕೊಂಡಿದ್ದರೂ, ದಾರಿ ತಪ್ಪಿದವನೇ ಸರಿ.

ಸರಕಾರಕ್ಕೂ ನಾವು ಹೇಳಬೇಕಾದುದಿದೆ. ನಮ್ಮ ನೆಲದ ನಕ್ಷೆಯನ್ನು ನಮ್ಮ ಪ್ರಜೆಗಳಿಂದಲೇ ಬಚ್ಚಿಡುವ ಕಾಲವೊಂದಿತ್ತು. 2005ರ ನಕ್ಷಾನೀತಿಯು ಆ ಬಾಗಿಲನ್ನು ಸ್ವಲ್ಪ ತೆರೆಯಿತು. 2021ರ ಫೆಬ್ರವರಿಯ ನಿಯಮಗಳು ಅದನ್ನು ಬಹುಮಟ್ಟಿಗೆ ತೆರೆದವು. ತೆರೆದ ಬಾಗಿಲಿನಿಂದ ಪ್ರಜೆಗೆ ತಕ್ಕ ಸಾಮಗ್ರಿಯು ಹೊರಬರುವುದು ಇನ್ನು ಮುಂದಿನ ಕೆಲಸ. ಕುಸಿದ ಸೇತುವೆ, ಮುಚ್ಚಿದ ಘಟ್ಟ, ಮುಳುಗಿದ ದಾರಿಗಳ ಸಮಾಚಾರವನ್ನು ಲೋಕೋಪಯೋಗಿ ಇಲಾಖೆಯವರು ಕಡತದಲ್ಲಿ ಬರೆದಿಡುವುದರ ಜೊತೆಗೆ, ನಕ್ಷೆಗಳನ್ನು ರಚಿಸುವವರಿಗೆ ಅಂದಂದೇ ತಲುಪಿಸುವ ಏರ್ಪಾಡು ಆಗಬೇಕು. ಬರೇಲಿಯಂಥ ಅನಾಹುತವು ಮರುಕಳಿಸದಿರಲು ಇದಕ್ಕಿಂತ ಸುಲಭವಾದ ಉಪಾಯವಿಲ್ಲ. ನಮ್ಮ ಹಳ್ಳಿಗಳ, ಹಳ್ಳಗಳ, ಗುಡ್ಡಗಳ ಹೆಸರುಗಳು ಅಲ್ಲಿಯ ಜನರು ಕರೆಯುವಂತೆ ಕನ್ನಡದಲ್ಲಿ ನಕ್ಷೆಯ ಮೇಲೆ ಮೂಡಬೇಕಾದುದೂ ಅವಶ್ಯ. ಇಂಗ್ಲಿಷಿನ ಕಾಗುಣಿತದಲ್ಲಿ ವಿರೂಪಗೊಂಡ ಊರ ಹೆಸರನ್ನು ಓದಿ ಹೇಳಿದರೆ, ಆ ಊರಿನವನಿಗೇ ಅದು ಯಾವ ಊರೆಂದು ತಿಳಿಯದ ಸ್ಥಿತಿಯು ನಮಗೆ ಭೂಷಣವಲ್ಲ. ಇದನ್ನು ಸರಕಾರವೊಂದೇ ಮಾಡಬೇಕೆಂದಿಲ್ಲ. ಸಾರ್ವಜನಿಕ ನಕ್ಷೆಯಲ್ಲಿ ತನ್ನೂರಿನ ಹೆಸರನ್ನು ತಾನೇ ಬರೆಯುವುದು ಓದುಬಲ್ಲ ಯಾವ ತರುಣನಿಗೂ ಸಾಧ್ಯವಾದ ದೇಶಸೇವೆ.

ಕೊನೆಯ ಮಾತೊಂದುಂಟು. ಯಂತ್ರವನ್ನು ಕೊಂಡ ಮರುದಿನವೇ ಕಾಡಿಗೆ ಹೋಗಬೇಡಿರಿ. ಯುದ್ಧಕಾಲೇ ಶಸ್ತ್ರಾಭ್ಯಾಸವೆಂಬಂತಾಗದೆ, ಪರಿಚಿತವಾದ ಸ್ವಂತ ಊರಿನ ಸುತ್ತಲೇ ಮೊಬೈಲಿನ ಸಂಪರ್ಕವನ್ನು ಕತ್ತರಿಸಿ ಒಂದು ದಿನ ತಿರುಗಿ ನೋಡಿರಿ. ಯಂತ್ರವು ಎಲ್ಲಿ ಸುಳ್ಳು ಹೇಳುತ್ತದೆಂಬುದು ಆಗ ತಿಳಿಯುತ್ತದೆ. ಕಾಗದದ ನಕ್ಷೆಯೊಂದನ್ನೂ ದಿಕ್ಸೂಚಿಯೊಂದನ್ನೂ ಜೊತೆಗಿಡಿರಿ. ವಾಹನದ ಕಬ್ಬಿಣವು ಮುಳ್ಳನ್ನು ಎಳೆಯುವುದರಿಂದ ದಿಕ್ಸೂಚಿಯನ್ನು ಕೆಳಗಿಳಿದು ದೂರ ನಿಂತು ನೋಡಿರಿ. ಹಳ್ಳವು ಎದುರಾದಾಗ ವಾಹನವನ್ನು ನಿಲ್ಲಿಸಿ, ಅಲ್ಲಿ ದನ ಮೇಯಿಸುವವನನ್ನು ‘ಅಣ್ಣಾ, ನೀರೆಷ್ಟಿದೆ?’ ಎಂದು ಕೇಳಲು ನಾಚಬೇಡಿರಿ. 20,000 ಕಿಲೋಮೀಟರು ಎತ್ತರದ ಉಪಗ್ರಹಕ್ಕೆ ನೀವು ನಿಂತ ಸ್ಥಳವು ಗೊತ್ತು. ನಿನ್ನೆ ರಾತ್ರಿ ಮೇಲೆ ಮಳೆಯಾಯಿತೆಂಬುದು ಅವನಿಗೆ ಗೊತ್ತು. ಇಬ್ಬರನ್ನೂ ಕೇಳಿ ನಡೆಯುವವನು ಸಂಜೆಗೆ ಮನೆಯನ್ನು ಸೇರುತ್ತಾನೆ.